ಗೇಟಲ್ಲೇ ತೂಕ ಆದ ಸೋಬಾನೆ

ಮಂಡ್ಯದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಕೆಟ್ಟ ಕಂಪ್ಯೂಟರ್‌ಗಿಂತ ಅದರ ಮುಂದೆ ಕೂತವರ ಕಾಟವೇ ಜಾಸ್ತಿ, ದಿನ ಬೆಳಗಾದರೆ ಏನಾದರೊಂದು ಇದ್ದೇ ಇರುತ್ತೆ. ನೆನೆಸ್ಕೊಂಡು ನಗ್ತೀನಿ. ಮದ್ದೂರಲ್ಲಿ ಸ್ಟುಡಿಯೋ ಇಟ್ಟಿರೋ ನನ್ನ ಗೆಳೆಯನ ವಿಷಯಕ್ಕೆ ಮಾತ್ರ ನಗು ಬಂದ ಹಿಂದೆಯೇ ಕರುಳು ಚುರ್ ಅನ್ನುತ್ತೆ.

೧. ಕದ್ದೋನು ಯಾರು?

ಅವನು ಮದುವೆ ಫೋಟೋ, ವಿಡಿಯೋ ತೆಗೆಯೋನು. "ಲೇ, ಕಂಪ್ಯೂಟ್ರು ತೆವಳ್ತಾ ಕೂತದೆ, ಬಾರ್ಲಾ" ಅಂತ ಫೋನ್ ಮಾಡಿದ. ಹೋದೆ. ಯಾವ ಪ್ರೋಗ್ರಾಂ ಎಷ್ಟು ಓದಿತು, ಎಷ್ಟು ಬರೆಯಿತು ಅಂತ ಆಪರೇಟಿಂಗ್ ಸಿಸ್ಟಂ ಒಂದು ಲೆಕ್ಕ ಇಟ್ಟಿರುತ್ತೆ. ಅದನ್ನ ತೆಗೆದು ತೋರಿಸಿದೆ. ವಿಡಿಯೋ ಪ್ರೋಗ್ರಾಂ ಬರೆದಿದ್ದೇ ಬರೆದಿದ್ದು!

ಅವನು ಫೋಲ್ಡರ್ ತೆಗೆದು ನೋಡಿದ. "ಅಷ್ಟೊಂದು ಬರ್ದಿವ್ನಿ ಅಂತದೆ, ಇಲ್ಲಿ ಇಷ್ಟೇ ಅದೆ. ಮಿಕ್ಕಿದ್ದ ಯಾವನ್ಲಾ ಕದ್ದೋನು?"

"ಯಾರೂ ಕದ್ದಿಲ್ಲ ಕಣ್ಲಾ. ಕೆಲಸದ ಮಧ್ಯೆ ಬರ್ಕೊಂಡು, ಮುಗಿದ ಮೇಲೆ ಅಳಿಸ್ಬುಡುತ್ತೆ. ಬರೆದಿದ್ದು ಲೆಕ್ಕಕ್ಕೆ ಬತ್ತದೆ, ಅಳಿಸಿದ್ದನ್ನ ಕಳೆಯಲ್ಲ."

"ಓ, ನಮ್ ಭಾವನ ತರ ಅನ್ನು. ದಿನೆಲ್ಲ ಗೇದೆ ಅಂತನೆ, ಗದ್ದೇಲೋಗಿ ನೋಡುದ್ರೆ ಏನೂ ಇರಕಿಲ್ಲ."

೨. ಓದದೇ ಓದಿದ್ದು

ಇನ್ನೊಂದು ದಿನ ಒಂದೇ ಆಲ್ಬಂ ಎರಡು ಸಲ ತೆಗೆದ. ಮೊದಲ ಸಲ ಒದ್ದಾಡಿತು, ಎರಡನೇ ಸಲ ತಟ್ಟನೆ ಬಂತು. ಓದಿದ ಲೆಕ್ಕ ಎರಡು ಸಲಾನೂ ಏರಿತು, ಡಿಸ್ಕಿನ ದೀಪ ಮಾತ್ರ ಎರಡನೇ ಸಲ ಮಿಟುಕಲೇ ಇಲ್ಲ.

"ಸುಳ್ಳ್ ಬೊಗಳ್ತದೆ ಕಣ್ಲಾ ಇದು!"

ಸುಳ್ಳಲ್ಲ ಅಂದೆ. ಒಮ್ಮೆ ಓದಿದ್ದು ಮೆಮೊರಿಯಲ್ಲೇ ಕೂತಿರುತ್ತೆ, ಅಲ್ಲಿಂದಲೇ ಕೊಡುತ್ತೆ. ಈ ಲೆಕ್ಕ ಬಾಗಿಲಲ್ಲಿ ಆಗೋದು, ಡಿಸ್ಕಿನ ಹತ್ತಿರ ಅಲ್ಲ. ಬರೆಯೋದೂ ಹಂಗೇ, ಮೊದಲು ಮೆಮೊರಿಗೆ, ಆಮೇಲೆ ನಿಧಾನಕ್ಕೆ ಡಿಸ್ಕಿಗೆ.

ಅವನದು ಸೋಮನಹಳ್ಳಿ ಕಡೆ ಕಬ್ಬು ಬೆಳೆಯೋ ಮನೆ. ಮುಖ ಅರಳಿತು. "ಸಕ್ಕರೆ ಫ್ಯಾಕ್ಟ್ರಿ ಗೇಟ್ ತೂಕ ಇದ್ದಂಗೆ ಅನ್ನು! ತೂಕ ಆದ್ಮೇಲೆ ಕಬ್ಬು ಫ್ಯಾಕ್ಟ್ರೀದು. ನಮ್ಗ್ಯಾಕೆ ಚಿಂತೆ?"

ಎಂಥಾ ಬುದ್ಧಿವಂತ ಅಂತ ಬೆನ್ನು ತಟ್ಟಿ ಬಂದೆ.

೩. ಸಿಕ್ಕಿದ್ದು

ಬಸರಾಳಿನ ಒಬ್ಬ ಅಜ್ಜಿ ಸೋಬಾನೆ ಪದ ಹೇಳೋದರಲ್ಲಿ ಎತ್ತಿದ ಕೈ. ಅವರತ್ತೆ ಕಲಿಸಿದ ಪದ, ಬೇರೆ ಯಾರಿಗೂ ಬರಲ್ಲ. ಮೊಮ್ಮಗಳ ಮದುವೇಲಿ ಮಾತ್ರ ರೆಕಾರ್ಡ್ ಮಾಡಿಕೊಳ್ಳೋಕೆ ಒಪ್ಪಿದರು. ಇವನು ಪುಟ್ಟ ರೆಕಾರ್ಡರಿನಲ್ಲಿ ಹಿಡಿದು ತಂದು ಕಂಪ್ಯೂಟರಿಗೆ ಹಾಕಿದ. ಬರೆದ ಲೆಕ್ಕ ಪೂರ್ತಿ ಏರೋದನ್ನ ಕಣ್ಣಾರೆ ನೋಡಿ, "ತೂಕ ಆಯ್ತು" ಅಂದು ರೆಕಾರ್ಡರ್ ಖಾಲಿ ಮಾಡಿದ. ಹನಕೆರೆಯಲ್ಲಿ ಇನ್ನೊಂದು ಮದುವೆ ಇತ್ತು. ಸ್ಟುಡಿಯೋ ಬಾಗಿಲು ಎಳೆಯೋ ಹೊತ್ತಿಗೆ ಕರೆಂಟು ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನವಾಗಿ, ಅದರ ಮೇಲೆ ಗಣಪತಿ ಫೋಟೋ ಕೂರಿಸಿದ್ದ.

ವಾಪಸ್ ಬಂದು ನೋಡಿದರೆ ಫೈಲ್ ಇದೆ, ಸೈಜೂ ಸರಿಯಾಗಿದೆ, ಸದ್ದೇ ಇಲ್ಲ. ನಾನು ಹೋಗಿ ಒಳಗೆ ನೋಡಿದೆ. ಬರೀ ಸೊನ್ನೆ.

"ತೂಕ ಆಗಿತ್ತಲ್ಲಲೇ!"

"ಗೇಟಲ್ಲಿ ಆಗಿತ್ತು ಕಣ್ಲಾ. ಮೆಮೊರಿಯಿಂದ ಡಿಸ್ಕಿಗೆ ಇಳಿಯೋಕ್ ಮುಂಚೆ ಕರೆಂಟ್ ಓಯ್ತು. ಕಬ್ಬು ಇನ್ನೂ ಫ್ಯಾಕ್ಟ್ರಿ ಯಾರ್ಡಲ್ಲೇ ಇತ್ತು, ಗಾಣಕ್ಕೋಗಿರ್ನಿಲ್ಲ."

ಅವನು ಕುರ್ಚಿ ಮೇಲೆ ಕುಸಿದು ಕೂತು ಅತ್ತುಬಿಟ್ಟ. ರೆಕಾರ್ಡರನ್ನೇ ಕೆದಕಿ ನೋಡೋಣ ಅಂದರೆ ಹಾಡಿನ ಜಾಗದ ಮೇಲೆ ಹನಕೆರೆ ವಾಲಗ ಕೂತಿತ್ತು. ಏನೇನೋ ಮಾಡಿ ಬಸರಾಳು ಮದುವೆಯ ಒಂದೇ ಒಂದು ಚೂರು ಎತ್ತಿದೆ. ಇಬ್ಬರೂ ಉಸಿರು ಬಿಗಿ ಹಿಡಿದು ಕೇಳಿದೆವು. ಯಾರೋ ಕೂಗ್ತಿದ್ದರು: "ಲೇ, ಈ ಸಾಲ್ಗೆ ಪಲ್ಯ ಬಂದಿಲ್ಲ ಕಣ್ರೋ!"

೪. ಹೆಣ್ಣು ನೋಡಿದ್ದು

ಅಜ್ಜಿ ಕಾಲಿಗೆ ಬಿದ್ದು ಇನ್ನೊಂದ್ಸಲ ಹೇಳಿ ಅಂದೆವು.

"ಎಣ್ಣುಗಂಡು ಇಲ್ದೆ ಸೋಬಾನೆ ಏಳ್ತಾರಾ? ನಿಂಗೆ ಮದ್ವೆ ಆಗಿದ್ಯಾ?"

"ಎಣ್ಣೇ ಸಿಕ್ತಿಲ್ಲ ಅಜ್ಜಿ" ಅಂದ ಗೆಳೆಯ. ನಮ್ಮ ಕಡೆ ಗಂಡುಗಳಿಗೆಲ್ಲ ಅದೇ ಗೋಳು.

"ಬೇಗ ಮಾಡ್ಕೊ ಮಗ, ನಿನ್ ಮದ್ವೇಲೇ ಏಳ್ತೀನಿ. ಈಗೀಗ ಪದದ ನುಡಿ ಮರ್ತೋಯ್ತಾವೆ" ಅಂದ ಅಜ್ಜಿ, ತಾವೇ ಮಳವಳ್ಳಿಯಲ್ಲಿ ಒಂದು ಹೆಣ್ಣು ಹುಡುಕಿದರು. ಕಾರು ಓಡಿಸಿದ್ದು ನಾನು. ಹಿಂದೆ ಅಜ್ಜಿ ಪಕ್ಕದಲ್ಲಿ ಗೆಳೆಯ ಹೊಸ ಶರ್ಟಲ್ಲಿ ಬೆವರ್ತಾ ಕೂತಿದ್ದ.

ಹುಡುಗಿ ಕಾಫಿ ಕೊಟ್ಟು ನೇರವಾಗಿ ಕೇಳಿದಳು: "ಅಜ್ಜಿ ಹಾಡು ಕಳೆದೋರು ನೀವೇನಾ?"

ತಲೆ ತಗ್ಗಿಸಿ ಹೂಂ ಅಂದ.

"ಬೇಜಾರ್ ಮಾಡ್ಕೋಬೇಡಿ, ನಾನು ಬೇರೆಯವ್ರನ್ನ ಒಪ್ಪಿದ್ದೀನಿ. ಅಪ್ಪಂಗೆ ಇವತ್ತೇ ಹೇಳ್ತಿರೋದು." ಅಪ್ಪನ ಬಾಯಿಗೆ ಹೋಗ್ತಿದ್ದ ಕೋಡುಬಳೆ ಅಲ್ಲೇ ನಿಂತಿತು. "ಅಜ್ಜಿ ನನ್ ಮದ್ವೇಲಿ ಹಾಡ್ಲಿ. ಫೋಟೋ, ವಿಡಿಯೋ ಎಲ್ಲ ನೀವೇ ಮಾಡ್ಕೊಡಿ."

ವಾಪಸ್ ಬರ್ತಾ ಕಾರಲ್ಲಿ ಅಜ್ಜಿ ಅವನ ಬೆನ್ನು ಸವರಿದರು. "ಓಗ್ಲಿ ಬುಡು ಮಗ. ಎಣ್ ಸಿಗ್ದಿದ್ರೂ ಕೆಲ್ಸ ಸಿಕ್ತಲ್ಲ."

ಅವಳು ಒಪ್ಪಿದವನ ಜೊತೆಗೇ ಆ ಮದುವೆ ನಡೀತು. ಅಜ್ಜಿ ಹಾಡಿದರು. ನಡುವೆ ಎರಡು ನುಡಿ ಎಷ್ಟು ತಡಕಿದರೂ ಬರಲಿಲ್ಲ. ಅವು ಹೋದವು, ಇನ್ನು ಯಾರಿಗೂ ಸಿಗಲ್ಲ. ಉಳಿದದ್ದನ್ನ ಗೆಳೆಯ ಎರಡು ಕಡೆ ಇಳಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ, ಮೊದಲಿಂದ ಕೊನೆವರೆಗೂ ಕೇಳಿದ ಮೇಲೇ ರೆಕಾರ್ಡರ್ ಮುಟ್ಟಿದ.

ಹಾಡಿನ ನಡುವೆ, ಗೆಳೆಯ ರೆಕಾರ್ಡರ್ ಹಿಡಿದು ನಿಂತಿದ್ದ ಕಡೆಯಿಂದಲೇ, ಒಬ್ಬ ಗಂಡಸು ಬಿಕ್ಕೋದು ಸ್ಪಷ್ಟವಾಗಿ ಕೇಳುತ್ತೆ. ಮಗಳ ಮೇಲೆ ಅಪ್ಪಂಗೆ ಎಷ್ಟು ಪ್ರೀತಿ ನೋಡಿ ಅಂತ ನೆಂಟರೆಲ್ಲ ಕಣ್ಣೊರೆಸ್ಕೊತಾರಂತೆ. ಅಪ್ಪ ಆ ಹೊತ್ತಲ್ಲಿ ಅಡುಗೆ ಮನೇಲಿ, ಸಾರಿಗೆ ಉಪ್ಪು ಸಾಲ್ದು ಅಂತ ಭಟ್ಟರ ಹತ್ತಿರ ಜಗಳಕ್ಕೆ ನಿಂತಿದ್ದ.