ಮೂರನೆಯ ನಿಯಮ

ಅನುಪಮಾ ಟೀಚರ್ ಏಳನೇ ತರಗತಿಯ ಹತ್ತೊಂಬತ್ತು ಮಕ್ಕಳಿಗೆ ಮನವಿ ಪತ್ರ ಬರೆಯುವುದನ್ನು ಕಲಿಸಿದ್ದೇ ತಪ್ಪಾಯಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಚೆನ್ನಾಗಿ ಕಲಿಸಿದ್ದು.

'ಪ್ರವಾಸಕ್ಕೆ ಹೋಗಲು ಅನುಮತಿ ಕೋರಿ ತಂದೆಗೆ ಪತ್ರ' ಎಂಬುದನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವುದನ್ನು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಹಾಗಾಗಿ ಗುರುವಾರ ಕಪ್ಪು ಹಲಗೆಯ ಮೇಲೆ ಮೂರು ನಿಯಮ ಬರೆದರು. ಒಂದು, ಏನು ಬೇಕೆಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಎರಡು, ಹೇಳಿದ್ದಕ್ಕೆ ಸಾಕ್ಷಿ ಕೊಡಿ. ಮೂರು, ಎದುರಿನವರ ಕಷ್ಟವನ್ನೂ ಒಪ್ಪಿಕೊಂಡು ಒಂದು ದಾರಿ ಸೂಚಿಸಿ. "ನಿಮ್ಮೂರಲ್ಲಿ ಯಾರನ್ನ ಏನು ಕೇಳಬೇಕು ಅನ್ಸುತ್ತೋ ಅದನ್ನೇ ಬರೀರಿ" ಎಂದರು.

ಮಕ್ಕಳು ಬರೆದರು. ಶನಿವಾರ ಟೀಚರ್ ತಿದ್ದಿ, ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಹಾಕಿ, ಇರಲಿ ಎಂದು ಕವರಿಗೂ ಹಾಕಿಸಿ, ಮೇಲೆ ವಿಳಾಸ ಬರೆಸಿ, ಬಸ್ಸಿಗೆ ಓಡಿದರು. ವಿಳಾಸ ಬರೆದ ಕವರು ಸ್ಕೂಲ್ ಬ್ಯಾಗಿನಲ್ಲೇ ಕೂತಿರುತ್ತದೆಂದು ಅವರು ಯಾಕೆ ಅಂದುಕೊಂಡರೋ! ಭಾನುವಾರ ಸಂಜೆಯೊಳಗೆ ಹತ್ತೊಂಬತ್ತು ಪತ್ರಗಳೂ ಮುಟ್ಟಬೇಕಾದವರನ್ನು ಮುಟ್ಟಿದ್ದವು.

ಇದು ಗೊತ್ತಿಲ್ಲದೆ ಸೋಮವಾರ ಬೆಳಿಗ್ಗೆ ಟೀಚರ್ ಧರ್ಮಪುರದ ಬಸ್ಸಿಳಿದು ಶಾಲೆಯ ಕಡೆ ನಡೆದರು. ಅವರ ಮನೆ ದುರ್ಗದಲ್ಲಿ. ಎಂಟು ವರ್ಷದಿಂದ ಹೊತ್ತು ಹುಟ್ಟುವ ಮೊದಲೇ ಎದ್ದು, ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ನಿಂತೇ ಬಂದು, ನಿಂತೇ ಪಾಠ ಮಾಡಿ, ನಾಲ್ಕೂಕಾಲರ ಬಸ್ಸಿಗೆ ಮತ್ತೆ ನಿಂತೇ ಹೋಗುತ್ತಿದ್ದರು. ಈಗ ದುರ್ಗದ ಪಕ್ಕದ ಮದಕರಿಪುರದ ಶಾಲೆಗೆ ನಿಯೋಜನೆ ಕೇಳಿದ್ದರು. ಅಂದು ಮಧ್ಯಾಹ್ನ ಮೂರು ಗಂಟೆಗೆ ಇಲಾಖೆಯ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಅಷ್ಟರೊಳಗೆ ಶಾಲಾ ಸಮಿತಿಯ ಅಧ್ಯಕ್ಷ ಕಾಟಲಿಂಗಪ್ಪ 'ನಮ್ಮ ಅಭ್ಯಂತರವಿಲ್ಲ' ಎಂದು ಬರೆದ ಹಾಳೆಗೆ ಸಹಿ ಹಾಕಿದರೆ ಸಾಕಿತ್ತು. ಆ ಹಾಳೆಯನ್ನು ಟೀಚರ್ ದಾರಿಯುದ್ದಕ್ಕೂ ನಾಲ್ಕು ಸಲ ತೆಗೆದು ನೋಡಿ, ಐದನೇ ಸಲ ಬ್ಯಾಗಿನ ಜಿಪ್ಪು ಎಳೆದುಕೊಂಡಿದ್ದರು.

ಕಾಟಲಿಂಗಪ್ಪ ಗೇಟಿನಲ್ಲೇ ನಿಂತಿದ್ದರು. ಕೈಯಲ್ಲಿ ಕವರು.

"ಟೀಚರಮ್ಮಾ, ಬರ್ರಿ ಬರ್ರಿ. ಇದೇನಿದು? ಆ ಜುಂಜೇಶ ನಂಗೆ ಕಾಗದ ಬರ್ದವ್ನೆ!"

ಟೀಚರ್ ತಾವೇ ತಿದ್ದಿದ ಅಕ್ಷರಗಳನ್ನು ನೋಡಿದರು. 'ತಮ್ಮ ಕುರಿಗಳನ್ನು ನಮ್ಮ ಆಟದ ಬಯಲಿನಲ್ಲಿ ಕೂಡಿಹಾಕಬಾರದೆಂದು ಕೋರುತ್ತೇನೆ. ನಾಲ್ಕು ದಿನ ಎಣಿಸಿದ್ದೇನೆ, ಎಂಬತ್ತಮೂರು ಇವೆ. ಕಬಡ್ಡಿಯಲ್ಲಿ ಬಿದ್ದವರ ಬೆನ್ನು ನೋಡಿದರೆ ಸಾಕ್ಷಿ ಸಿಗುತ್ತದೆ. ತಮಗೂ ಜಾಗದ ಕಷ್ಟವಿದೆ. ತಮ್ಮ ಮನೆಯ ಮುಂದಿನ ಅಂಗಳ ಖಾಲಿ ಇರುತ್ತದೆ.'

"ನಮ್ಮನೆ ಅಂಗ್ಳ ಖಾಲಿ ಐತೆ ಅಂತ ಇವನ್ಗೇನ್ರಿ? ನನ್ ಹೆಂಡ್ತಿ ಓದ್ಸಿ ಕೇಳ್ಕಂಡು, 'ಹುಡ್ಗ ಸರಿಯಾಗೇ ಹೇಳೈತೆ' ಅಂತಾಳೆ!"

ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಅಡುಗೆಯ ಕೊಟ್ರಮ್ಮ ಸೌಟು ಹಿಡಿದೇ ಬಂದರು.

"ನೋಡ್ರೀ ಮಿಸ್ಸು, ರೋಜಾ ಏನ್ ಬರ್ದೈತೆ! ಸಾಂಬಾರಾಗೆ ಬೇಳೆ ಹುಡುಕಾಕೆ ಐದು ಜನ ಕುಂತಿದ್ರಂತೆ, ಎರಡು ಸಿಕ್ವಂತೆ! ಎರಡನೇ ಬೇಳೆ ನೆನ್ನೇದು ಇರಬಹುದು ಅಂತ ಬೇರೆ ಬರ್ದೈತೆ!"

"ಕೊಟ್ರಮ್ಮ, ಅದು ಅಭ್ಯಾಸಕ್ಕೆ ಬರೆಸಿದ್ದು..."

"ಅಭ್ಯಾಸಾನೇ? ಊರೆಲ್ಲಾ ಓದೈತೆ!"

ಹೆಡ್ ಮೇಷ್ಟ್ರು ಚಿತ್ತಪ್ಪ ಮಾತ್ರ ಕೂಗಾಡಲಿಲ್ಲ. ತಮ್ಮ ಕವರನ್ನು ಟೀಚರ ಮುಂದಿಟ್ಟು, ಬಿಸಿಲಿಗೆ ಬಿಟ್ಟ ಹಪ್ಪಳದ ಹಾಗೆ ಮುಖ ಮುರುಟಿಸಿಕೊಂಡು ಕುಳಿತರು. ಮಧ್ಯಾಹ್ನದ ಮೊದಲ ಅವಧಿಯಲ್ಲಿ ಅವರು ನಿದ್ದೆ ಮಾಡಿದ ದಿನ, ಗಂಟೆ, ನಿಮಿಷ, ಎಲ್ಲ ಅದರಲ್ಲಿತ್ತು. 'ತಮಗೆ ವಯಸ್ಸಾಗಿದೆ. ಆದ್ದರಿಂದ ನಿದ್ದೆಯನ್ನು ಆಟದ ಅವಧಿಗೆ ಬದಲಾಯಿಸಿಕೊಂಡರೆ ನಮ್ಮ ಗಣಿತ ಉಳಿಯುತ್ತದೆ.'

ಹನ್ನೊಂದರ ಹೊತ್ತಿಗೆ ಬೇವಿನ ಮರದ ಕೆಳಗೆ ಅರ್ಧ ಊರು ಸೇರಿತ್ತು. ಟೀಚರಿಗೆ ಬ್ಯಾಗಿನೊಳಗಿನ ಹಾಳೆಯ ನೆನಪಾಯಿತು. ಈ ಮನುಷ್ಯನಿಂದ ಇನ್ನೆಲ್ಲಿ ಸಹಿ?

ಕಾಟಲಿಂಗಪ್ಪ ಎದ್ದು ನಿಂತು ಟವೆಲ್ ಕೊಡವಿದರು. "ಇದೆಲ್ಲಾ ಆಗಾದಲ್ಲ. ಸಾಹೇಬ್ರು ಬರ್ತಾವ್ರೆ. ಕಂಪ್ಲೇಂಟ್ ಕೊಟ್ಟು ಈ ಟೀಚರಮ್ಮನ್ನ ಇಲ್ಲಿಂದ ಎತ್ತಂಗಡಿ ಮಾಡ್ಸಾಣ!"

ಟೀಚರ ಕಿವಿ ಮೊಲದ ಕಿವಿಯ ಹಾಗೆ ನೆಟ್ಟಗಾಯಿತು. ಎತ್ತಂಗಡಿ! ಎಂಟು ವರ್ಷ ಕೇಳಿದರೂ ಸಿಗದ್ದನ್ನು ಈ ಪುಣ್ಯಾತ್ಮ ಊರಿಗೆ ಊರೇ ಕೂಡಿಸಿ ಕೊಡಿಸುತ್ತಿದ್ದಾರೆ! ನಗು ಬಂದುಬಿಡುತ್ತದೆಂದು ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಪಾಪ, ಅಳ್ತಾವ್ರೆ" ಎಂದರು ಕೊಟ್ರಮ್ಮ, ಸೌಟು ಇಳಿಸಿ.

"ಅಳ್ಲಿ ಬಿಡವ್ವ. ಯಾರು ಬರೀತೀರಿ?"

ಚಿತ್ತಪ್ಪ ಮೇಷ್ಟ್ರು, "ನನ್ನ ಕೈಬರಹ ಸಾಹೇಬ್ರಿಗೆ ಗುರ್ತು ಐತೆ" ಎಂದು ಜಾರಿಕೊಂಡರು. ಆ ಊರಿನಲ್ಲಿ ಯಾವ ಅರ್ಜಿ ಬರೆಸಬೇಕಾದರೂ ಏಳನೇ ತರಗತಿಯ ಮಕ್ಕಳನ್ನು ಕರೆಯುವುದು ರೂಢಿ. ಅದೇ ರೂಢಿಯಲ್ಲಿ ಕಾಟಲಿಂಗಪ್ಪ ಕೂಗಿದರು: "ಲೇ ಕಾವ್ಯಶ್ರೀ, ಬಾರವ್ವ ಇಲ್ಲಿ. ಪೆನ್ನು ತಗಾ."

ಕಾವ್ಯಶ್ರೀ ತರಗತಿಯ ಲೀಡರು. ಪೆನ್ನಿನ ಮುಚ್ಚಳ ತೆಗೆದು ಕುಳಿತಳು.

"ಬರಿ. ಈ ಟೀಚರು ಕೆಟ್ಟೋರು."

"ಸಾಕ್ಷಿ ಏನು ತಾತ?"

"ನಾನೇ ಸಾಕ್ಷಿ!"

"ಹಂಗಾಗಲ್ಲ ತಾತ. ದಿನ, ವಾರ, ಏನಾತು, ಎಲ್ಲಾ ಬೇಕು."

ಒಂದು ಗಂಟೆ ಕಳೆಯುವಷ್ಟರಲ್ಲಿ ಕಾಟಲಿಂಗಪ್ಪ ಬೆವೆತು ಹೋಗಿದ್ದರು. ಕಾವ್ಯಶ್ರೀ ಬರೆದ ಹಾಳೆ ಹಿಡಿದು, ಅಭ್ಯಾಸಬಲದಿಂದ ಸೀದಾ ಟೀಚರ್ ಕೂತಿದ್ದ ಸ್ಟಾಫ್ ರೂಮಿಗೆ ಬಂದಳು. "ಮಿಸ್, ನಿಮ್ ಮೇಲೆ ಕಂಪ್ಲೇಂಟು. ತಪ್ಪಿದ್ರೆ ತಿದ್ಕೊಡ್ರಿ."

ಟೀಚರ್ ಬಾಗಿಲ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದರು. ಕೆಂಪು ಪೆನ್ನು ತೆಗೆದರು. ತಿದ್ದುತ್ತಾ ಹೋದ ಹಾಗೆ, ಅದು ತಮ್ಮ ಮೇಲಿನ ದೂರೆಂಬುದೇ ಮರೆತುಹೋಯಿತು.

"'ಊರಿಗೆ ತೊಂದರೆಯಾಗಿದೆ' ಅಂದ್ರೆ ಸಾಲದು. ಎಷ್ಟು ಜನಕ್ಕೆ? ಹತ್ತೊಂಬತ್ತು ಅಂತ ಬರಿ. ಆ ಪತ್ರಗಳನ್ನೆಲ್ಲ ತಂದು ಲಗತ್ತಿಸು, ಅದೇ ಸಾಕ್ಷಿ. 'ಎತ್ತಂಗಡಿ' ಬೇಡ, 'ಬೇರೆ ಶಾಲೆಗೆ ಕಳುಹಿಸಬೇಕು' ಅನ್ನು." ಕೊನೆಯವರೆಗೆ ಓದಿ ಹುಬ್ಬು ಗಂಟಿಕ್ಕಿದರು. "ಕಾವ್ಯಾ, ಮೂರನೇ ನಿಯಮ ಎಲ್ಲಿ? ಎದುರಿನವರ ಕಷ್ಟ ಒಪ್ಪಿಕೊಂಡು ದಾರಿ ಹೇಳಿಲ್ಲವಲ್ಲ. ಅದಿಲ್ಲದ ಪತ್ರ ಅರ್ಧ ಪತ್ರ. ಇನ್ನೊಂದು ಪ್ಯಾರಾ ಸೇರಿಸಿ ನೀಟಾಗಿ ಬರಿ."

"ಸರಿ ಮಿಸ್" ಎಂದು ಹುಡುಗಿ ಓಡಿದಳು. ತಿದ್ದಿದ ಹಾಳೆಯ ತಳದಲ್ಲಿ 'ಉತ್ತಮ' ಎಂದು ಬಿದ್ದಿತ್ತು. ಹೊಸ ಹಾಳೆಗೆ ಕಾಟಲಿಂಗಪ್ಪ ಓದದೆಯೇ ಸಹಿ ಹಾಕಿದರು. ಮತ್ತೊಮ್ಮೆ ಆ ಹುಡುಗಿಯ ಪ್ರಶ್ನೆಗಳಿಗೆ ಸಿಕ್ಕಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಮೂರು ಗಂಟೆಗೆ ಸಾಹೇಬರು ಬಂದರು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ದೂರು ಓದಿದರು. ಲಗತ್ತಿಸಿದ ಪತ್ರಗಳನ್ನೂ ಓದಿದರು. ಬೇಳೆಯ ಪತ್ರಕ್ಕೆ ಕೆಮ್ಮು ಬಂತು. ನಿದ್ದೆಯ ಪತ್ರಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಟೀಚರ್ ಮನಸ್ಸಿನಲ್ಲೇ ಮದಕರಿಪುರದಲ್ಲಿ ಬಸ್ಸಿಳಿದು, ಹತ್ತು ನಿಮಿಷ ಬೇಗ ಬಂದೆನೆಂದು ಟೀ ಕುಡಿಯುತ್ತಿದ್ದರು.

"ಇದನ್ನ ಬರೆದವರು ಯಾರು?"

"ನಾನೇ ಸಾರ್" ಎಂದು ಕಾವ್ಯಶ್ರೀ ಎದ್ದಳು. "ಮಿಸ್ಸೇ ತಿದ್ಕೊಟ್ರು."

"ತಮ್ಮ ಮೇಲಿನ ದೂರನ್ನ ತಾವೇ ತಿದ್ದಿಕೊಟ್ರಾ?" ಸಾಹೇಬರು ಎದ್ದು ನಿಂತರು. "ಅನುಪಮಾ ಅವರೇ, ನಾನು ನೋಡಿದ ಶಾಲೆಗಳಲ್ಲಿ ಏಳನೇ ತರಗತಿಯವರು ಸ್ವಂತವಾಗಿ ನಾಲ್ಕು ಸಾಲು ಬರೆದರೆ ಹಬ್ಬ. ಇವರು ದೂರನ್ನೂ ಇಷ್ಟು ನ್ಯಾಯವಾಗಿ ಬರೀತಾರೆ." ಅವರು ಬ್ಯಾಗಿನಿಂದ ಒಂದು ಹಾಳೆ ತೆಗೆದರು. "ನಿಮ್ಮ ಮದಕರಿಪುರದ ಆರ್ಡರು. ಬೆಳಿಗ್ಗೆಯೇ ಸಹಿ ಮಾಡಿದ್ದೆ. ಸಮಿತಿಯವರ ಪತ್ರ ಆಮೇಲೆ ಬಂದರೂ ನಡೀತಿತ್ತು. ನಿಮ್ಮ ಕೈಗೇ ಕೊಟ್ಟು ಹೋಗೋಣ ಅಂತ ತಂದಿದ್ದೆ."

ಟೀಚರ್ ಕೈ ಚಾಚಿದರು. ಸಾಹೇಬರು ಹಾಳೆಯನ್ನು ನಡುವೆ ಹರಿದರು.

"ನಿಮ್ಮನ್ನ ಕಳಿಸಿದರೆ ನನಗೆ ಬುದ್ಧಿಯಿಲ್ಲ ಅಂತಾಗುತ್ತೆ. ಮಕ್ಕಳೇ ದಾರಿ ತೋರಿಸಿದ್ದಾರೆ, ಕೇಳಿ." ಅವರು ದೂರಿನ ಕೊನೆಯ ಪ್ಯಾರಾ ಗಟ್ಟಿಯಾಗಿ ಓದಿದರು:

"'ಟೀಚರು ನಾಲ್ಕೂಕಾಲರ ಬಸ್ಸಿಗೆ ಹೋಗುವುದರಿಂದ ಪತ್ರ ಹಂಚಬಹುದೇ ಎಂದು ಕೇಳಲು ನಮಗೆ ಸಿಗಲಿಲ್ಲ. ಅವರಿಗೂ ದುರ್ಗದಿಂದ ಬರುವ ಕಷ್ಟವಿದೆ. ಅಧ್ಯಕ್ಷರ ಮನೆಯ ಮಹಡಿ ಎರಡು ವರ್ಷದಿಂದ ಖಾಲಿ ಇದೆ. ಟೀಚರನ್ನು ಅಲ್ಲಿಯೇ ಇರಿಸಿದರೆ ಅವರ ಕಷ್ಟವೂ ನಮ್ಮ ತೊಂದರೆಯೂ ತೀರುತ್ತವೆ.' ಕೆಳಗೆ ಅಧ್ಯಕ್ಷರೇ ಸಹಿ ಹಾಕಿದ್ದಾರೆ. ದೊಡ್ಡ ಮನಸ್ಸು!"

ಸಾಹೇಬರು ಚಪ್ಪಾಳೆ ತಟ್ಟಿದರು. ಊರೂ ತಟ್ಟಿತು. ಕಾಟಲಿಂಗಪ್ಪ ತಮ್ಮ ಸಹಿಯನ್ನು ಹಾವನ್ನು ನೋಡಿದ ಹಾಗೆ ನೋಡಿದರು. ಸಾಹೇಬರ ಮುಂದೆ ಇಲ್ಲವೆನ್ನುವುದು ಹೇಗೆ? "ಇರ್ಲಿ ಬಿಡ್ರಿ" ಎಂದರು ಗಂಟಲಿನೊಳಗೇ. ಜುಂಜೇಶನ ಪತ್ರವನ್ನೂ ಸಾಹೇಬರು ಓದಿದ್ದರಿಂದ, ಎಂಬತ್ತಮೂರು ಕುರಿಗಳು ಆ ಸಂಜೆಯೇ ಮಹಡಿಯ ಕೆಳಗಿನ ಅಂಗಳಕ್ಕೆ ಹೊರಟವು.

ಅಷ್ಟು ಹೊತ್ತಿಗೆ ನಾಲ್ಕೂಕಾಲರ ಬಸ್ಸು ಹಾರ್ನ್ ಮಾಡಿ ಹೋಯಿತು. ಟೀಚರ ಫೋನು ರಿಂಗಾಯಿತು. ಗಂಡ.

"ಏನಾಯ್ತೇ? ಮನೆ ಹತ್ತಿರಕ್ಕೆ ಹಾಕಿದ್ರಾ?"

ಟೀಚರ್ ಕುರಿಗಳ ಸಾಲನ್ನು ನೋಡುತ್ತಾ ಹೇಳಿದರು: "ಇಲ್ಲಾರೀ. ಶಾಲೆ ಹತ್ತಿರಕ್ಕೆ ಮನೆ ಹಾಕಿದ್ರು."