ಜುಬ್ಬಾದ ಮುಂದಿನ ಅಂಚು

ಟೈಲರ್ ಆದವನಿಗೆ ಬೈಗುಳ ಹೊಸದಲ್ಲ. ಗಿರಾಕಿ ದಪ್ಪಗಾದರೂ ತಪ್ಪು ನಮ್ಮದೇ, ಸಣ್ಣಗಾದರೂ ನಮ್ಮದೇ. ವಿನೋಬನಗರದಲ್ಲಿ ನಲವತ್ತು ವರ್ಷದಿಂದ ಜುಬ್ಬಾ ಹೊಲಿಯುತ್ತಿದ್ದೇನೆ, ಇಂಥದ್ದು ವಾರಕ್ಕೊಂದಾದರೂ ಇರುತ್ತದೆ. ಆದರೆ ಹರಿಹರದ ಮೇಷ್ಟ್ರ ಜಗಳ ಮಾತ್ರ ಎದೆಗೇ ತಾಗಿತು.

೧

ಈ ಮೇಷ್ಟ್ರು ರಿಟೈರಾದವರು. ಪ್ರತಿ ವರ್ಷ ಬಟ್ಟೆ ಕೊಟ್ಟು, ಅಳತೆ ಪುಸ್ತಕದಾಗೆ ಐತಲ್ಲ, ಅದನ್ನೇ ಹಾಕ್ರಿ ಅಂತ ಹೋಗಿಬಿಡುವರು. ಈ ಸಲ ಹೊಸ ಜುಬ್ಬಾ ತೊಟ್ಟುಕೊಂಡೇ ವಾಪಸ್ ಬಂದರು. ಮುಂದೆ ಮೊಣಕಾಲು ದಾಟಿ ಜೋತಿದೆ, ಹಿಂದೆ ಮೇಲಕ್ಕೆದ್ದಿದೆ.

"ವಯಸ್ಸಾತು ಸಾಹೇಬ್ರೆ, ನಿಮ್ ಕತ್ತರಿ ಸೊಟ್ಟ ಹೋಗ್ತೈತೆ."

ಅಂಗಡಿ ತುಂಬ ಜನ. ನಲವತ್ತು ವರ್ಷದ ಹೆಸರು ಅಲ್ಲೇ ಹೋಯಿತು ಅನ್ನಿಸಿತು. ಪುಸ್ತಕ ತೆಗೆದು ಜುಬ್ಬಾ ಅಳೆದೆ, ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ. ನೀರಿಗೆ ಹಾಕಿದ ಬಟ್ಟೆ ಕುಗ್ಗೋದು ಕಂಡೀನಿ, ಬೆಳೆಯೋದು ನಿಮ್ಮ ಹತ್ರಾನೇ ಕಂಡಿದ್ದು ಅಂದರು ಮೇಷ್ಟ್ರು.

೨

ಹೊಸದಾಗಿ ಅಳತೆ ತೆಗೀತೀನಿ, ನೆಟ್ಟಗೆ ನಿಲ್ರಿ ಅಂದೆ. ನೆಟ್ಟಗೇ ನಿಂತೀನಿ ಅಂದರು. ಹೆಗಲಿಂದ ಮೊಣಕಾಲಿಗೆ ಪುಸ್ತಕದ ಅಳತೆಗಿಂತ ಎರಡಿಂಚು ಕಮ್ಮಿ ಬಂತು. ಕೆಳಗೆ ನೋಡಿದರೆ ಪುಣ್ಯಾತ್ಮರು ತುದಿಗಾಲಲ್ಲಿ ನಿಂತಿದ್ದಾರೆ. ತುದಿಗಾಲಲ್ಲಿ ನಿಂತರೆ ಮೊಣಕಾಲೂ ಜೊತೆಗೇ ಮೇಲೇಳುತ್ತದೆ ಅಂತ ಲೆಕ್ಕದ ಮೇಷ್ಟ್ರಿಗೆ ಹೇಳುವವರು ಯಾರು?

ಜೊತೆಗೆ ಬಂದಿದ್ದ ಅವರ ಹೆಂಡತಿ ತಡೆಯಲಾರದೆ ಎಲ್ಲ ಹೇಳಿಬಿಟ್ಟರು. ಅಕ್ಕಿ ಚೀಲ ಎತ್ತಿದ ದಿನದಿಂದ ಬೆನ್ನು ನೋವಂತೆ. ಮುಲಾಮು ಹಚ್ಚಿಕೊಂಡು ಯಾರಿಗೂ ಹೇಳಬ್ಯಾಡ ಅಂದಿದ್ದರಂತೆ. ಜುಬ್ಬಾ ಆಮೇಲೆ, ಮೊದಲು ಡಾಕ್ಟ್ರ ಹತ್ರ ಹೋಗ್ರಿ ಅಂತ ಕಳಿಸಿದೆ.

೩

ಎಕ್ಸ್‌ರೇ ತೆಗೆದರೆ ಬೆನ್ನುಮೂಳೆಯಲ್ಲಿ ಎರಡು ಕಡೆ ಮುರಿದು ಕುಸಿದಿತ್ತು. ವಯಸ್ಸಿಗೆ ಮೂಳೆ ಟೊಳ್ಳಾಗಿದೆ, ಅದಕ್ಕೇ ಬೆನ್ನು ಮುಂದಕ್ಕೆ ಬಾಗಿ ಎತ್ತರ ಇಳಿದಿದೆ ಅಂದರಂತೆ ಡಾಕ್ಟ್ರು. ಮೇಷ್ಟ್ರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಅಂಗಡಿಗೆ ಬಂದು, ಎಲ್ಲರ ಮುಂದೆಯೇ, ನಿಮ್ ಕತ್ತರಿ ನೆಟ್ಟಗೈತೆ ಸಾಹೇಬ್ರೆ, ಸೊಟ್ಟ ಆಗಿದ್ದು ನಾನೇ ಅಂದರು. ನನಗೆ ಹೋದ ಜೀವ ಬಂದಂತಾಯಿತು.

ಮನೆಗೆ ಹೋಗಿ ಹೆಂಡತಿಗೆ ಇದನ್ನೆಲ್ಲ ನಗುತ್ತಾ ಹೇಳಿದೆ. ಅವಳು ನಗಲಿಲ್ಲ. ಒಳಗಿಂದ ನನ್ನ ಜುಬ್ಬಾಗಳನ್ನು ತಂದು ಮುಂದಿಟ್ಟಳು. ಒಂದೊಂದರ ಮುಂದಿನ ಅಂಚೂ ಒಳಕ್ಕೆ ಮಡಚಿ, ಕಾಣದ ಹಾಗೆ ಕೈಹೊಲಿಗೆ ಹಾಕಿದ್ದಾಳೆ.

"ನಾಲ್ಕು ವರ್ಷದಿಂದ ಮುಂದೆ ಉದ್ದ ಬರ್ತಿದ್ವು. ನಿಮ್ ಕೈ ತಪ್ತಾ ಐತೆ ಅಂದ್ಕಂಡೆ. ಹೇಳಿದ್ರೆ ನೊಂದ್ಕಂತೀರಿ ಅಂತ ನಾನೇ ಹೊಲೀತಿದ್ದೆ."

ನನಗೆ ಕಣ್ಣು ತುಂಬಿ ಬಂತು. ಊರವರ ಅಳತೆಯೆಲ್ಲ ತೆಗೆದವನು ನನ್ನದನ್ನು ತೆಗೆದೇ ಇರಲಿಲ್ಲ. ಮಾರನೇ ದಿನವೇ ಅವಳು ನನ್ನನ್ನು ಅದೇ ಡಾಕ್ಟ್ರ ಹತ್ತಿರ ಎಳೆದೊಯ್ದಳು. ಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದರು. ನನ್ನ ಜುಬ್ಬಾದ ಅಂಚು ಹಿಡಿದು ನೋಡಿ, ಇದು ಯಾರ ಕೈ ಹೊಲಿಗೆ ಅಂದರು. ಮನೆಯವಳದು ಅಂದೆ.

"ಭಾಳ ನೀಟಾಗೈತ್ರಿ. ಮುಂದಿನ ಜುಬ್ಬಾ ಅವರಿಗೇ ಕೊಡ್ತೀನಿ."