ಮೇಸ್ತ್ರಿಗಳ ಬೀಳ್ಕೊಡುಗೆಯಲ್ಲಿ ನಾನಾಡಿದ ಇಂಗ್ಲಿಷು

ಸಕಲ ಸಂದರ್ಭಗಳಿಗೂ ಒಂದೊಂದು ಇಂಗ್ಲಿಷ್ ನುಡಿಗಟ್ಟನ್ನು ಜೇಬಿನಲ್ಲಿಟ್ಟುಕೊಂಡೇ ಸಂಚರಿಸುವ ಭಾಷಣಕಲೆಯ ತರಬೇತುದಾರರಿಗೆ, ಪಿಂಗಾಣಿ ಕಪ್ ಕಾರ್ಖಾನೆಯ ತಪಾಸಣಾ ವಿಭಾಗದ ನೌಕರನೊಬ್ಬ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಳೆದ ತಿಂಗಳು ತಾವು ನಮ್ಮ ಊಟದ ಕೋಣೆಯಲ್ಲಿ ಅರ್ಧ ದಿನ ನಿಂತು, ಕೊಂಕು ಬೆರೆಸಿ ನಗಿಸುವವರನ್ನು ‘ಚಟಾಕಿ ಹಾರಿಸುವವರು’ ಎನ್ನುವುದು ಹಳತಾಯಿತು, ‘ವೈಸ್‌ಕ್ರ್ಯಾಕ್ ಹೊಡೆಯುವವರು’ ಎಂದರೆ ಸಭೆಗೆ ಕಳೆ ಬರುತ್ತದೆ ಎಂದು ಅಪ್ಪಣೆ ಕೊಡಿಸಿದಿರಿ. ನಾನು ಭಕ್ತಿಯಿಂದ ಅಂಗೈ ಮೇಲೆ ಬರೆದುಕೊಂಡೆ. ಕೈ ತೊಳೆದಾಗ ‘ವೈಸ್’ ಅಳಿಸಿಹೋಯಿತು, ‘ಕ್ರ್ಯಾಕ್’ ಉಳಿಯಿತು.

ಅದೇ ವಾರ ಭಟ್ಟಿ ಮೇಸ್ತ್ರಿಗಳ ನಿವೃತ್ತಿ. ಮೂವತ್ತು ವರ್ಷ ಕಪ್ ಸುಟ್ಟವರು. ನಾಲಿಗೆ ಭಟ್ಟಿಗಿಂತ ಒಂದು ಕೈ ಹೆಚ್ಚು ಬಿಸಿ. ನಾನು ತಡವಾಗಿ ಬಂದರೆ, “ಬನ್ನಿ ಬನ್ನಿ, ನಾಳೆ ಕೆಲಸಕ್ಕೆ ಇವತ್ತೇ ಬಂದ್ಬಿಟ್ರಲ್ಲ!” ಎಂದು ಎದ್ದು ನಿಂತು ಸ್ವಾಗತಿಸುತ್ತಿದ್ದರು. ನನಗೆ ಕೆಲಸ ಕಲಿಸಿದವರೂ ಅವರೇ. ಅಂಥವರನ್ನು ಬರೀ ಕನ್ನಡದಲ್ಲಿ ಹೊಗಳಿ ಕಳಿಸುವುದೇ ಎಂದು ನನಗೆ ಸಂಕೋಚವಾಯಿತು. ಮೈಕಿನ ಮುಂದೆ ನಿಂತು, “ನಮ್ಮ ಮೇಸ್ತ್ರಿಗಳು ದಿನಕ್ಕೆ ಹತ್ತು ಕ್ರ್ಯಾಕ್ ಹೊಡೀದೆ ಮನೆಗೆ ಹೋದವರೇ ಅಲ್ಲ. ಇಂಥ ಕ್ರ್ಯಾಕ್ ಇನ್ನೊಬ್ರು ಹುಟ್ಟಲ್ಲ!” ಎಂದುಬಿಟ್ಟೆ.

ನಮ್ಮಲ್ಲಿ ಆ ಪದಕ್ಕೆ ಎರಡೇ ಅರ್ಥವೆಂಬುದು ಮಹಾಪಂಡಿತರಾದ ತಮ್ಮ ಗಮನಕ್ಕೆ ಬಾರದಿದ್ದರೆ ಆಶ್ಚರ್ಯವಿಲ್ಲ: ಕಪ್ಪಿನಲ್ಲಿದ್ದರೆ ಬಿರುಕು, ತಲೆಯಲ್ಲಿದ್ದರೆ ಹುಚ್ಚು. ಹೊಸ ಮ್ಯಾನೇಜರು ಮೊದಲನೆಯ ಅರ್ಥ ಹಿಡಿದರು. ಮೂವತ್ತು ವರ್ಷದ ಬಿರುಕಿನ ವಿಚಾರಣೆ ಮುಗಿಯುವವರೆಗೆ ಪ್ರಶಂಸಾಪತ್ರ ಕೊಡುವುದಿಲ್ಲವೆಂದು ಅದನ್ನು ಫೈಲಿನೊಳಕ್ಕೆ ವಾಪಸು ತಳ್ಳಿದರು. ಮೇಸ್ತ್ರಿಗಳ ಹೆಂಡತಿ ಎರಡನೆಯದನ್ನು ಹಿಡಿದು, “ಇಷ್ಟು ವರ್ಷ ನಮ್ಮನೇಲಿ ಉಂಡು, ನಮ್ಮನೆಯವ್ರನ್ನೇ ಹುಚ್ಚ ಅಂತೀರಾ?” ಎಂದರು. ಯಾವ ಮಾತಿಗೂ ಮರುಮಾತು ಬಾಕಿಯಿಡದ ಮೇಸ್ತ್ರಿಗಳು ಮಾತ್ರ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಹೊರಟುಹೋದರು. ಅವರು ಬೈದಿದ್ದರೆ ಆ ರಾತ್ರಿ ನನಗೆ ಊಟ ಸೇರುತ್ತಿತ್ತು.

ಮುಂದಿನ ಮೂರು ವಾರ, ತಮ್ಮ ಕೃಪೆಯಿಂದ, ಗೋದಾಮಿನ ಹಳೆಯ ಮಾಲನ್ನೆಲ್ಲ ನಾನೊಬ್ಬನೇ ಪರೀಕ್ಷಿಸಿದೆ. ಪ್ರತಿ ಕಪ್ಪನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡಬೇಕು. ಗಂಟೆಯಂತೆ ಮೊಳಗಿದರೆ ಗಟ್ಟಿ, ಮಂಕಾಗಿ ನುಡಿದರೆ ಬಿರುಕು. ಒಂದೂ ಬಿರುಕಿರಲಿಲ್ಲ. ಮ್ಯಾನೇಜರು ಹೊಸ ಪ್ರಶಂಸಾಪತ್ರ ಬರೆಸಿದರು: “ಸದರಿಯವರಲ್ಲಿ ಯಾವುದೇ ಕ್ರ್ಯಾಕ್ ಕಂಡುಬಂದಿರುವುದಿಲ್ಲ.”

ಅದನ್ನು ಹಿಡಿದು ಮೇಸ್ತ್ರಿಗಳ ಮನೆಗೆ ಹೋದೆ. ಹೆಂಡತಿ ಬಾಗಿಲು ತೆರೆದರು, ಮುಖದ ಗಂಟು ಬಿಚ್ಚಲಿಲ್ಲ. ಮೇಸ್ತ್ರಿಗಳು ಪತ್ರವನ್ನು ಎರಡು ಸಲ ಓದಿದರು. ನಾನು ತಲೆ ತಗ್ಗಿಸಿ, “ನಿಮ್ಮನ್ನ ಹೊಗಳೋಕೆ ಹೋಗಿದ್ದೆ ಅಣ್ಣಾ” ಎಂದೆ. ಅವರು ತಗ್ಗಿದ ತಲೆಯನ್ನು ಗೆಣ್ಣಿನಿಂದ ಟಕಟಕ ತಟ್ಟಿ, ಕಿವಿಗೊಟ್ಟು, ಹೆಂಡತಿಗೆ ಹೇಳಿದರು: “ಬಿರುಕಿಲ್ಲ ಕಣೇ. ಒಳಗೆ ಏನೂ ಇಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಮೊಳಗ್ತಿದೆ. ಇವನಿಗೂ ಒಂದು ತಟ್ಟೆ ಹಾಕು.” ಆಕೆ ನಗು ತಡೆಯಲಾರದೆ ಒಳಗೆ ಓಡಿದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಗೆಣ್ಣಿನ ಪೆಟ್ಟಿಗೆ ಎಂದೇ ಸಾಧಿಸಿದೆ.

ಆದ್ದರಿಂದ ತಮ್ಮಲ್ಲಿ ವಿನಂತಿ: ದಯಮಾಡಿ ಒಮ್ಮೆ ಬಂದು, ಅಂದು ಸಭೆಯಲ್ಲಿದ್ದ ನಲವತ್ತು ಜನರ ಕಿವಿಯಿಂದ ಆ ಪದವನ್ನು ಚಿಮಟದಲ್ಲಿ ಹೆಕ್ಕಿ ತೆಗೆದು, ತಮ್ಮ ಜೇಬಿಗೇ ಮರಳಿಸಿಕೊಳ್ಳಬೇಕು. ಹಾಗೆಯೇ, ಆಡಿದ ಮಾತನ್ನು ನುಂಗಿಕೊಳ್ಳಲು ಇಂಗ್ಲಿಷಿನಲ್ಲಿ ಏನಾದರೂ ಏರ್ಪಾಡಿದ್ದರೆ, ಅದನ್ನು ಮೊದಲ ಪಾಠವಾಗಿಯೇ ಕಲಿಸಬೇಕು.

ಇನ್ನು ಮುಂದೆ ಕನ್ನಡದಲ್ಲೇ ತಪ್ಪು ಮಾತಾಡಲು ನಿರ್ಧರಿಸಿರುವ,
ತಮ್ಮ ವಿಶ್ವಾಸಿ,
ತಪಾಸಣಾ ವಿಭಾಗದ ನೌಕರ

ವಿ.ಸೂ.: ಮುಂದಿನ ತಿಂಗಳು ತಾವು ‘ಸಂತಾಪ ಸೂಚಿಸುವ ಕಲೆ’ ಕಲಿಸಲು ದಯಮಾಡಿಸುವಿರೆಂದು ನೋಟೀಸು ಹಚ್ಚಿದ್ದಾರೆ. ಸದ್ಯಕ್ಕೆ ನಮ್ಮಲ್ಲಿ ಎಲ್ಲರೂ ಕ್ಷೇಮ. ಅಭ್ಯಾಸಕ್ಕೆ ಒಬ್ಬರು ಬೇಕೇ ಬೇಕೆಂದಾದರೆ, ತಾವೇ ಸಹಕರಿಸಬೇಕಾಗಿ ಕೋರಿಕೆ.